ಸೈನಿಕ ಶಾಲೆ ನನಗೆ ಕೊಟ್ಟದ್ದು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಸೈನಿಕ ಶಾಲೆಯ ಅನುಭವ ಹಂಚಿಕೊಳ್ಳಬೇಕೆಂದು ಸಂಘದವರು ಕೇಳಿದ್ದಾರೆ. ನಾನು ಸೈನ್ಯಕ್ಕೆ ಸೇರಿದವನಲ್ಲ. ಆದರೂ ಆ ಶಾಲೆಯ ಋಣ ನನ್ನ ಮೇಲೆ ದೊಡ್ಡದಿದೆ.

ದೇಶದಲ್ಲಿ ಸೈನಿಕ ಶಾಲೆಗಳು ಶುರುವಾದದ್ದು 1961ರಲ್ಲಿ, ವಿ.ಕೆ. ಕೃಷ್ಣ ಮೆನನ್ ಅವರು ರಕ್ಷಣಾ ಮಂತ್ರಿಗಳಾಗಿದ್ದಾಗ. ಸಾಮಾನ್ಯ ಮನೆಯ ಮಕ್ಕಳೂ ಸೈನ್ಯದ ಅಧಿಕಾರಿಗಳಾಗಬೇಕು ಎಂಬುದು ಅದರ ಉದ್ದೇಶ. ಬಿಜಾಪುರದ ಶಾಲೆ 1963ರಲ್ಲಿ ಆರಂಭವಾಯಿತು. ಹಾಸನ ಜಿಲ್ಲೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಓದಿದ ನಾನು 1984ರಲ್ಲಿ ಅಲ್ಲಿ ಆರನೇ ತರಗತಿಗೆ ಸೇರಿದೆ.

ಅಲ್ಲಿ ಮಕ್ಕಳು ವಾಸಿಸುವ ಹೌಸ್‌ಗಳಿಗೆ ನಮ್ಮ ನಾಡಿನ ರಾಜಮನೆತನಗಳ ಹೆಸರು: ಆದಿಲ್‌ಶಾಹಿ, ಚಾಲುಕ್ಯ, ಹೊಯ್ಸಳ, ರಾಷ್ಟ್ರಕೂಟ, ವಿಜಯನಗರ, ಒಡೆಯರ್. ಹೊಯ್ಸಳರ ನಾಡಿನಿಂದ ಹೋದ ನನಗೆ ಸಿಕ್ಕಿದ್ದು ಆದಿಲ್‌ಶಾಹಿ ಹೌಸ್. ನನ್ನ ಪಕ್ಕದ ಮಂಚದವನು ಬೀದರಿನ ರೈತನ ಮಗ, ಆಚೆಯವನು ಒಬ್ಬ ಸುಬೇದಾರರ ಮಗ. ಎಲ್ಲರಿಗೂ ಒಂದೇ ಬಟ್ಟೆ, ಒಂದೇ ಊಟ. ಯಾರ ತಂದೆ ಏನು ಮಾಡುತ್ತಾರೆಂಬುದು ಮೈದಾನದಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಇಂಗ್ಲಿಷ್ ಮೊದಲ ವರ್ಷ ಕಬ್ಬಿಣದ ಕಡಲೆಯಾಗಿತ್ತು. ಸಂಜೆಯ ಓದಿನ ವೇಳೆಯಲ್ಲಿ ಸೀನಿಯರ್ ಒಬ್ಬರು ದಿನಕ್ಕೆ ಹತ್ತು ಪದ ಬರೆಸುತ್ತಿದ್ದರು. ಬೆಳಗಿನ ಪಿ.ಟಿ., ಶೂ ಪಾಲಿಶ್, ಹಾಸಿಗೆ ಮಡಿಸುವುದು, ಇವೆಲ್ಲ ಹನ್ನೊಂದು ವರ್ಷದ ಹುಡುಗನಿಗೆ ಕಷ್ಟವೇ. ಅಮ್ಮಿಯ ಕಾಗದ ಬಂದ ದಿನ ಕಂಬಳಿಯೊಳಗೆ ಅತ್ತದ್ದೂ ಉಂಟು.

ಎನ್.ಡಿ.ಎ. ಲಿಖಿತ ಪರೀಕ್ಷೆಯಲ್ಲೂ ಸಂದರ್ಶನದಲ್ಲೂ ತೇರ್ಗಡೆಯಾದೆ. ವೈದ್ಯಕೀಯ ಪರೀಕ್ಷೆಯಲ್ಲಿ ಕಣ್ಣು ಕೈಕೊಟ್ಟಿತು. ಏಳು ವರ್ಷದ ಶ್ರಮ ನೀರುಪಾಲಾಯಿತೆಂದು ಊರಿನವರು ಮರುಗಿದರು. ಆದರೆ ಸಿವಿಲ್ ಇಂಜಿನಿಯರ್ ಆಗಿ ಕೆಲಸಕ್ಕೆ ಸೇರಿದಾಗ ಆ ಶ್ರಮ ಎಲ್ಲಿಗೂ ಹೋಗಿಲ್ಲವೆಂದು ತಿಳಿಯಿತು. ಕೂಲಿಯವರಿಗಿಂತ ಮೊದಲೇ ನಾನು ಕಾಮಗಾರಿಯ ಸ್ಥಳದಲ್ಲಿರುತ್ತಿದ್ದೆ. ಅಳತೆಯನ್ನು ಅಂದೇ ಬರೆಯುತ್ತಿದ್ದೆ. ನನ್ನಿಂದ ಇದನ್ನು ಯಾರೂ ಬಲವಂತವಾಗಿ ಮಾಡಿಸಲಿಲ್ಲ. ಹೇಳುವವರಿಲ್ಲದಾಗಲೂ ಉಳಿಯುವುದೇ ಶಿಸ್ತು.

ಪೋಷಕರಲ್ಲಿ ಒಂದು ಮಾತು. ಹತ್ತನೇ ತರಗತಿ ಮುಗಿದ ಮಗನನ್ನು ಕರೆತಂದು "ಸೈನಿಕ ಶಾಲೆಗೆ ಸೇರಿಸಬಹುದೇ?" ಎಂದು ಅನೇಕರು ನನ್ನನ್ನು ಕೇಳುತ್ತಾರೆ. ಆ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆರನೇ ತರಗತಿಗೆ ಸೇರಲು ವಯಸ್ಸು 10ರಿಂದ 12, ಒಂಬತ್ತಕ್ಕೆ 13ರಿಂದ 15. ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಒಟ್ಟು 300 ಅಂಕಗಳಲ್ಲಿ 150 ಗಣಿತಕ್ಕೇ ಮೀಸಲು. ಆದ್ದರಿಂದ ನಾಲ್ಕನೇ ತರಗತಿಯಿಂದಲೇ ಲೆಕ್ಕ ಗಟ್ಟಿಯಾಗಲಿ. ಕೊಡಗಿನ ಕೂಡಿಗೆಯಲ್ಲೂ 2007ರಲ್ಲಿ ಸೈನಿಕ ಶಾಲೆ ಆರಂಭವಾಗಿದೆ. 2021ರಿಂದ ಹೆಣ್ಣುಮಕ್ಕಳಿಗೂ ಈ ಶಾಲೆಗಳಲ್ಲಿ ಪ್ರವೇಶವಿದೆ, 2022ರಿಂದ ಎನ್.ಡಿ.ಎ.ಯಲ್ಲೂ ಅವರಿದ್ದಾರೆ.

ನಮ್ಮ ಸಂಘವು ಪ್ರತಿವರ್ಷ ಹತ್ತನೇ ತರಗತಿಯವರಿಗೆ ಮಾರ್ಗದರ್ಶನ ಶಿಬಿರ ನಡೆಸುತ್ತದೆ. ಇನ್ನು ಮುಂದೆ ನಾಲ್ಕನೇ, ಐದನೇ ತರಗತಿಯ ಮಕ್ಕಳ ತಂದೆ-ತಾಯಂದಿರಿಗೂ ಒಂದು ಶಿಬಿರ ನಡೆಸಬೇಕೆಂದು ಕೋರುತ್ತೇನೆ. ಗಣಿತದ ಪಾಠಕ್ಕೆ ಭಾನುವಾರಗಳಂದು ನಾನು ಬರುತ್ತೇನೆ.