ನೀರಿನ ಲೆಕ್ಕ ಹಾಕುವುದು ಹೇಗೆ?



ಬೆಂಗಳೂರಿನ ಮನೆಯೊಂದರ ನಲ್ಲಿಯಲ್ಲಿ ಬರುವ ನೀರು ಎಲ್ಲಿಯದು? ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ಕಾವೇರಿಯ ನೀರು ಅದು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ವಿದ್ಯುತ್ ಪಂಪುಗಳು ಅದನ್ನು ಏರಿಸುತ್ತವೆ.

ಮೊದಲು ಹೀಗಿರಲಿಲ್ಲ. 1896ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, ಹೀಗೆ ಹತ್ತಿರದ ಅರ್ಕಾವತಿ ನದಿಯೇ ನಗರಕ್ಕೆ ನೀರುಣಿಸುತ್ತಿತ್ತು. ಅದು ಸಾಲದಾದಾಗ 1974ರಲ್ಲಿ ಕಾವೇರಿಯ ಮೊದಲ ಹಂತ ಬಂತು: ದಿನಕ್ಕೆ 13.5 ಕೋಟಿ ಲೀಟರ್. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಆದರೆ ಮಂಡ್ಯದ ಗದ್ದೆಗಳಿಗೂ ತಂಜಾವೂರಿನ ಗದ್ದೆಗಳಿಗೂ ಇದೇ ನದಿ ಬೇಕು. ಹಾಗಾದರೆ ಯಾರಿಗೆ ಎಷ್ಟು?

ಒಂದು ಲೆಕ್ಕ ಮಾಡೋಣ. ಭತ್ತದ ಒಂದು ಬೆಳೆಗೆ 1,200 ಮಿಲಿಮೀಟರ್ ನೀರು ಬೇಕೆಂದು ಇಟ್ಟುಕೊಳ್ಳಿ. ಒಂದು ಎಕರೆಗೆ ಅದು ಸುಮಾರು 48 ಲಕ್ಷ ಲೀಟರ್ ಆಗುತ್ತದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್‌ನಂತೆ ಐದು ಜನರ ಕುಟುಂಬಕ್ಕೆ ವರ್ಷಕ್ಕೆ ಬೇಕಾದದ್ದು ಸುಮಾರು ಎರಡೂವರೆ ಲಕ್ಷ ಲೀಟರ್. ಅಂದರೆ ಒಂದು ಎಕರೆ ಭತ್ತದ ನೀರು ಸುಮಾರು ಇಪ್ಪತ್ತು ಕುಟುಂಬಗಳಿಗೆ ವರ್ಷವಿಡೀ ಸಾಕು.

ಹಾಗಿದ್ದರೆ ಗದ್ದೆಯ ನೀರನ್ನೆಲ್ಲ ನಗರಕ್ಕೆ ಕೊಡೋಣವೇ? ತಾಳಿ. ಆ ಕುಟುಂಬಗಳು ಉಣ್ಣುವ ಅಕ್ಕಿಯೂ ಗದ್ದೆಯಿಂದಲೇ ಬರಬೇಕು. ಗದ್ದೆಯಲ್ಲಿ ಇಂಗಿದ ನೀರಿನ ಒಂದು ಪಾಲು ಕೆಳಗಿನ ಊರಿನ ಬಾವಿಯನ್ನು ತುಂಬುತ್ತದೆ. ಇನ್ನೊಂದನ್ನೂ ಗಮನಿಸಿ. ನಗರವಾಸಿಗೆ 135 ಲೀಟರ್ ಎಂದು ಮಾನದಂಡ ಹೇಳಿದರೆ, ಜಲಜೀವನ್ ಯೋಜನೆ ಹಳ್ಳಿಯವರಿಗೆ ಹೇಳಿದ್ದು 55 ಲೀಟರ್. ‘ಅಗತ್ಯ’ ಎಂಬ ಅಂಕಿ ಆಕಾಶದಿಂದ ಇಳಿದದ್ದಲ್ಲ; ಅದರ ಹಿಂದೆ ಯಾರದೋ ತೀರ್ಮಾನವಿರುತ್ತದೆ.

ಈಗ ಲೆಕ್ಕದ ಇನ್ನೊಂದು ಸೂಕ್ಷ್ಮ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿ 4.75 ಟಿಎಂಸಿ ಕೊಟ್ಟಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಐದನೇ ಹಂತವೊಂದೇ ವರ್ಷಕ್ಕೆ ಸುಮಾರು 10 ಟಿಎಂಸಿ ಎತ್ತಬಲ್ಲದು! ಇದು ಹೇಗೆ? ಕೋರ್ಟ್ ಎಣಿಸಿದ್ದು ಎತ್ತುವ ನೀರನ್ನಲ್ಲ, ಬಳಕೆಯಲ್ಲಿ ಕಳೆದುಹೋಗುವ ನೀರನ್ನು. ಮನೆಬಳಕೆಯಲ್ಲಿ ಖರ್ಚಾಗುವುದು ಶೇಕಡ 20 ಮಾತ್ರ, ಉಳಿದ 80 ಚರಂಡಿಯ ಮೂಲಕ ಹಿಂದಿರುಗುತ್ತದೆ ಎಂಬುದು ಆ ಲೆಕ್ಕದ ಆಧಾರ.

ಹಿಂದಿರುಗುವುದು ಎಲ್ಲಿಗೆ? ಬೆಂಗಳೂರು ಇರುವುದು ದಿಣ್ಣೆಯ ಮೇಲೆ. ಪಶ್ಚಿಮದ ಕೊಳಚೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ನೀರು ಹರಿಯುವುದು ದಕ್ಷಿಣ ಪಿನಾಕಿನಿಯತ್ತ. ಆ ಪಾಲು ಕಾವೇರಿಗೆ ಮರಳುವುದೇ ಇಲ್ಲ. ಕಾಗದದ ಲೆಕ್ಕಕ್ಕೂ ನೆಲದ ಇಳಿಜಾರಿಗೂ ಹೀಗೆ ಅಂತರ ಬೀಳುತ್ತದೆ.

ಆ ಕಣಿವೆಯ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ್ದ ಕೆರೆಗಳಲ್ಲಿ ನೀರು ನಿಂತಿತು. ಸಂಸ್ಕರಣೆ ಸಾಕಷ್ಟಾಗಿದೆಯೇ ಎಂಬ ಪ್ರಶ್ನೆಯೂ ಎದ್ದು ನ್ಯಾಯಾಲಯದವರೆಗೆ ಹೋಯಿತು. ಎರಡೂ ನಿಜ. ನಗರ ಬಿಟ್ಟ ನೀರು ಮತ್ತೊಬ್ಬರಿಗೆ ಆಸರೆಯಾಗಬಲ್ಲದು. ಆದರೆ ಶುದ್ಧಿಯಲ್ಲಿ ಕೊರತೆಯಾದರೆ ತೊಂದರೆ ಪಡೆಯುವವರಿಗೆ.

2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆಯುವವರಿಗೆ ದಂಡ ವಿಧಿಸಬೇಕಾಯಿತು. ಕಾರಿಗೂ ಕೈತೋಟಕ್ಕೂ ಕಾವೇರಿಯೇ ಏಕೆ? ಬರ ಬಂದ ಮೇಲೆ ಕೇಳಿದ ಈ ಪ್ರಶ್ನೆಯನ್ನು ಯೋಜನೆ ಬರೆಯುವಾಗಲೇ ಕೇಳಬೇಕಿತ್ತು.

ಆದ್ದರಿಂದ ಯಾರಾದರೂ ‘ಇಷ್ಟು ನೀರು ಬೇಕು’ ಎಂದಾಗ ನಾಲ್ಕು ಪ್ರಶ್ನೆ ಕೇಳಿ. ಯಾವ ಕೆಲಸಕ್ಕೆ? ಅದಕ್ಕೆ ಎಷ್ಟು ಶುದ್ಧವಾದ ನೀರು ಸಾಕು? ಎಷ್ಟು ಮರಳುತ್ತದೆ, ಎಲ್ಲಿಗೆ? ಮಳೆ ಬಾರದ ವರ್ಷ ಯಾರು ಬಿಟ್ಟುಕೊಡುತ್ತಾರೆ?

ಈ ವಾರ ನಿಮ್ಮ ಊರಿನ ನೀರು ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿ, ಒಂದು ನಕ್ಷೆ ಬರೆಯಿರಿ. ನಕ್ಷೆಯ ಕೆಳತುದಿಯಲ್ಲಿ ಯಾವ ಊರಿದೆ ನೋಡಿ. ನಿಮ್ಮ ಲೆಕ್ಕದಲ್ಲಿ ಆ ಊರಿನವರಿಗೂ ಒಂದು ಸಾಲು ಇರಲಿ.