ಕಂಪ್ಯೂಟರಿನ ಚೌಕಳಿಯಲ್ಲಿ ನಮ್ಮ ಕಸೂತಿ
(ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ಹೊಲಿಗೆ ವಿಭಾಗದವರು ಮಾಡಿದ ಭಾಷಣ)



ಸಂಘದ ಕಂಪ್ಯೂಟರು ಸಾಲದ ಲೆಕ್ಕಕ್ಕಷ್ಟೇ ಅಲ್ಲ, ಸೂಜಿ-ದಾರಕ್ಕೂ ಬರುತ್ತದೆ ಎಂದು ಹೇಳಲು ನಿಂತಿದ್ದೇವೆ. ಕ್ರಾಸ್ ಸ್ಟಿಚ್ ನಕ್ಷೆ ತೆಗೆಯುವ ತಂತ್ರಾಂಶ ಅಂತ ಇರ್ತದೆ. ಚಿತ್ರ ಕೊಟ್ಟರೆ ಚೌಕಳಿ ಮಾಡಿ, ಒಂದೊಂದು ಮನೆಗೂ ಒಂದು ಬಣ್ಣ, ಒಂದು ಗುರುತು ಹಾಕಿ ಕೊಡ್ತದೆ. ನಮ್ಮ ಮೆಂತಿ ಹೊಲಿಗೆಯೂ ಕ್ರಾಸೇ ಆದ್ದರಿಂದ ನೇರವಾಗಿ ಒಗ್ಗಿತು. ಬಣ್ಣದ ನಂಬರು ಮಾತ್ರ ನೋಡಿಕೊಳ್ಳಬೇಕು: ಡಿಎಂಸಿಯ ಕಪ್ಪು 310, ಆಂಕರಿನ ಕಪ್ಪು 403.

ಕೆಟ್ಟದ್ದು ಸ್ವೆಟರಿನಲ್ಲಿ. ತೆರೆಯ ಮೇಲೆ ನೆಟ್ಟಗೆ ನಿಂತಿದ್ದ ಆನೆ ಹೆಣಿಕೆಯಲ್ಲಿ ಕುಳ್ಳಾಗಿ ಹಂದಿಯಂಗ ಕಂಡಿತು! ಎರಡು ಸ್ವೆಟರ್ ಬಿಚ್ಚಿದೆವು. ಆ ದಿನಗಳ ಕೂಲಿ ಹೋಯಿತು. ಕ್ರಾಸ್ ಸ್ಟಿಚ್ಚಿನ ಮನೆ ಚೌಕ, ಉಲ್ಲನ್ ಹೆಣಿಕೆಯ ಕಣ್ಣು ಅಗಲ ಹೆಚ್ಚು, ಎತ್ತರ ಕಡಿಮೆ. ನಮ್ಮ ಕೈಯಲ್ಲಿ 10 ಸೆಂಟಿಮೀಟರಿಗೆ ಅಡ್ಡ 20 ಕಣ್ಣು, ಉದ್ದ 28 ಸಾಲು ಬಂತು. ಅಂದರೆ 20 ಮನೆ ಎತ್ತರದ ಆನೆಗೆ 28 ಸಾಲು ಬೇಕು. ಈಗ ಮೊದಲು ಅಂಗೈಯಗಲ ಹೆಣೆದು, ಎಣಿಸಿ, ಚಿತ್ರವನ್ನು ಅಷ್ಟು ಹಿಗ್ಗಿಸಿ ಆಮೇಲೆ ನಕ್ಷೆ ತೆಗೀತೇವೆ. ಕ್ರೋಶಾದ ಲೆಕ್ಕ ಬೇರೆ. ದಾರ ಬದಲಾದರೂ ಬೇರೆ.

ಗವಂತಿ, ಮುರ್ಗಿಗಳದು ಇನ್ನೊಂದು ಫಜೀತಿ. ಅವು ಮನೆಯೊಳಗೆ ತುಂಬುವುದಿಲ್ಲ, ಮನೆಯ ಗೆರೆಯ ಮೇಲೆ ನಡೀತಾವು. ಅದಕ್ಕೆ ಬ್ಯಾಕ್ ಸ್ಟಿಚ್ಚಿನ ಗೆರೆ ಬಳಸಿಕೊಂಡೆವು. ಆದರೆ ಗೆರೆ ಎಲ್ಲಿದೆ ಅಂತ ತೋರಿಸ್ತದೆ, ಯಾವುದು ಮೊದಲು ಅಂತ ಹೇಳುವುದಿಲ್ಲ. ಕಸೂತಿಯಲ್ಲಿ ಗಂಟಿಲ್ಲ, ಗವಂತಿಯಲ್ಲಿ ಹೋಗುವಾಗ ಬಿಟ್ಟದ್ದನ್ನು ಬರುವಾಗ ತುಂಬಿದರೆ ಎರಡೂ ಮಗ್ಗುಲು ಒಂದೇ. ದಾರಿ ತಪ್ಪಿ ದಾರ ಹಿಂದೆ ಜಿಗಿದರೆ ಸೀರೆ ಮಗುಚಿ ನೋಡುವವರ ಮುಂದೆ ನಮ್ಮ ಮಾನ ಹೋಗ್ತದೆ. ಗೆರೆಗಳೆಲ್ಲ ಒಂದಕ್ಕೊಂದು ಕೂಡಿದ್ದರೆ ಹೊರಟಲ್ಲಿಗೇ ಮರಳುವ ದಾರಿ ಇದ್ದೇ ಇದೆ. ಆ ದಾರಿಗೆ ನಾವೇ ಪೆನ್ಸಿಲಿನಲ್ಲಿ ನಂಬರು ಹಾಕ್ತೇವೆ.

ಇಷ್ಟೆಲ್ಲ ಯಾಕೆ ಅಂತೀರಾ? ನಮ್ಮ ಹಿರಿಯರು ಬಟ್ಟೆಯ ಮೇಲೆ ಬರೆದುಕೊಂಡವರಲ್ಲ, ಎಳೆ ಎಣಿಸಿದವರು. ತೇರು, ಗೋಪುರ, ತುಳಸಿಕಟ್ಟೆ ಎಲ್ಲ ಬೆರಳಲ್ಲೇ ಇದ್ದವು. ಕಳೆದ ವರ್ಷ ಒಬ್ಬ ಅಜ್ಜಿ ತೀರಿಕೊಂಡರು. ಅವರ ತೇರು ಉಳಿದದ್ದು ಒಂದು ಹರಕು ಕುಬಸದಲ್ಲಿ. ಭೂತಗನ್ನಡಿ ಹಿಡಿದು ಎಳೆ ಎಣಿಸಿ ಕಂಪ್ಯೂಟರಿಗೆ ಏರಿಸಿದೆವು. ಇಲಿ ಕಡಿದ ಮೂಲೆಯನ್ನು ಖಾಲಿ ಬಿಟ್ಟಿದ್ದೇವೆ, ಊಹಿಸಿ ತುಂಬಿಲ್ಲ.

ನಿಮ್ಮ ಟ್ರಂಕಿನಲ್ಲಿ ಹಳೇ ಇಳಕಲ್ ಸೀರೆ, ಕುಬಸ ಇದ್ದರೆ ತರ್ರಿ. ಎಣಿಸಿಕೊಂಡು ಸಂಜೆಗೇ ವಾಪಸು ಕೊಡ್ತೇವೆ.