ದುಡುಕುವ ಮಕ್ಕಳಿಗೆ ತಡೆಯುವುದನ್ನು ಕಲಿಸೋಣ

ಹೊಲ, ಮನೆ, ಕೂಲಿ ಅಂತ ದಿನವೆಲ್ಲ ದುಡಿದು ಬಂದಿದ್ದೀರಿ. ಆದರೂ ಪುಸ್ತಕ ಹಿಡಿದು ಕೂತಿದ್ದೀರಿ. ಇವತ್ತು ನಾವು ನಿಮ್ಮ ಜೊತೆ ಮಕ್ಕಳ ಮಾತು ಆಡಬೇಕು ಅಂತ ಬಂದಿದ್ದೇವೆ. ಎಲ್ಲ ಮಕ್ಕಳ ಮಾತಲ್ಲ. ದುಡುಕುವ ಮಕ್ಕಳ ಮಾತು.

"ನಾಳೆ ನಿಮ್ಮ ತಾಯಿಯನ್ನು ಕರೆದುಕೊಂಡು ಬಾ." ಶಾಲೆಯಿಂದ ಈ ಮಾತು ಬಂದರೆ ಎಷ್ಟು ತಾಯಂದಿರ ಎದೆ ಡವಗುಟ್ಟುತ್ತದೆ! ಯಾರಿಗೆ ಹೊಡೆದನೋ, ಏನು ಮುರಿದನೋ ಅಂತ ಭಯ. ಮಗನಿಗೆ ಹದಿಮೂರು ವರ್ಷ. ಏಳನೇ ತರಗತಿಯೋ ಎಂಟನೇ ತರಗತಿಯೋ ಓದುತ್ತಿದ್ದಾನೆ. ಮೇಷ್ಟ್ರು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಉತ್ತರ ಕೂಗುತ್ತಾನೆ. ಸಾಲಿನಲ್ಲಿ ನಿಲ್ಲುವುದಿಲ್ಲ. ಪಕ್ಕದವನ ಪೆನ್ನು ಕಿತ್ತುಕೊಳ್ಳುತ್ತಾನೆ. ಯಾರಾದರೂ ಅಣಕಿಸಿದರೆ ಕೈ ಮೊದಲು ಓಡುತ್ತದೆ, ಬುದ್ಧಿ ಆಮೇಲೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಅವನೇ ಅಳುತ್ತಾನೆ. "ಯಾಕೋ ಹಾಗೆ ಮಾಡಿದೆ?" ಅಂದರೆ "ಗೊತ್ತಿಲ್ಲ" ಅನ್ನುತ್ತಾನೆ.

ಅವನು ಸುಳ್ಳು ಹೇಳುತ್ತಿಲ್ಲ. ಬಹಳ ಸಲ ಅವನಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ.

ಯಾಕೆ ಹೀಗೆ? ನಮ್ಮ ಹಣೆಯ ಹಿಂದೆ ಮೆದುಳಿನ ಮುಂಭಾಗ ಇದೆ. "ನಿಲ್ಲು, ಯೋಚಿಸು, ಆಮೇಲೆ ಮಾಡು" ಅಂತ ಹೇಳುವುದು ಮುಖ್ಯವಾಗಿ ಆ ಭಾಗದ ಕೆಲಸ. ಅದು ನಿಧಾನವಾಗಿ ಬಲಿಯುತ್ತದೆ. ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಆದರೆ ಸಿಟ್ಟು, ಆಸೆ, ಹುಮ್ಮಸ್ಸು ಹದಿಮೂರಕ್ಕೇ ಜೋರಾಗಿರುತ್ತವೆ. ಹೋರಿಗೆ ಬಲ ಬಂದಿದೆ, ಮೂಗುದಾರ ಇನ್ನೂ ಹೊಸೆಯುತ್ತಿದ್ದೇವೆ. ಹರೆಯ ಅಂದರೆ ಹಾಗೆ. ಕೆಲವು ಮಕ್ಕಳಲ್ಲಿ ಈ ಮೂಗುದಾರ ಇನ್ನೂ ಸಡಿಲ. ಅದು ತಾಯಿಯ ತಪ್ಪೂ ಅಲ್ಲ, ಮಗುವಿನ ಕೊಬ್ಬೂ ಅಲ್ಲ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಅಂತ ಗಾದೆ ಇದೆ. ಇವನು ಇನ್ನು ಸುಧಾರಿಸುವುದಿಲ್ಲ ಅಂತ ಕೆಲವರು ಕೈ ಚೆಲ್ಲುತ್ತಾರೆ. ಆದರೆ ನೋಡಿ, ಮೆದುಳು ಇನ್ನೂ ಬೆಳೆಯುತ್ತಿದೆ ಅಂದರೆ ಹದಿಮೂರು ವಯಸ್ಸು ಗಿಡದ ವಯಸ್ಸೇ. ಕಲಿಸಲು ಕಾಲ ಮೀರಿಲ್ಲ.

ಹೊಡೆದರೆ ಸರಿಹೋಗುವುದಿಲ್ಲವೇ ಅಂತ ಕೇಳುತ್ತೀರಿ. ಹೊಡೆದಾಗ ಮಗು ಆ ಗಳಿಗೆಗೆ ಸುಮ್ಮನಾಗುತ್ತದೆ. ಆದರೆ ಏನು ಕಲಿಯಿತು? ಸಿಟ್ಟು ಬಂದರೆ ಕೈ ಎತ್ತಬೇಕು ಅಂತ ಕಲಿಯಿತು. ಅದನ್ನೇ ನಾಳೆ ಶಾಲೆಯಲ್ಲಿ ಮಾಡುತ್ತದೆ. ಶಾಲೆಯಲ್ಲೂ ಹೊಡೆಯುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆ ಕಾಯ್ದೆಯ ಪ್ರಕಾರ ಮಗುವಿಗೆ ಹೊಡೆಯುವುದು, ಮನಸ್ಸು ನೋಯುವಂತೆ ಹಿಂಸಿಸುವುದು ಎರಡೂ ತಪ್ಪು.

ಹಾಗಾದರೆ ಏನು ಮಾಡಬೇಕು? ಮೊದಲ ಕೆಲಸ, ಲೆಕ್ಕ ಇಡುವುದು. ನಿಮಗೆ ಈಗ ಬರೆಯಲು ಬರುತ್ತದೆ. ಒಂದು ಹಳೆ ಕ್ಯಾಲೆಂಡರ್ ಹಾಳೆ ಸಾಕು. ಜಗಳ ಆದ ದಿನ ಮೂರು ವಿಷಯ ಬರೆಯಿರಿ. ಯಾವ ಹೊತ್ತಿಗೆ ಆಯಿತು? ಅದಕ್ಕೆ ಸ್ವಲ್ಪ ಮೊದಲು ಏನು ನಡೆದಿತ್ತು? ಆಮೇಲೆ ಏನಾಯಿತು?

ನಮ್ಮ ಕಡೆಯ ಒಬ್ಬ ತಾಯಿ ಹೀಗೆ ಎಂಟು ದಿನ ಬರೆದಿಟ್ಟರು. ಅವರ ಮಗ ಐದು ಸಲ ಹೊಡೆದಾಡಿದ್ದ. ಅದರಲ್ಲಿ ನಾಲ್ಕು ಸಲ ಮಧ್ಯಾಹ್ನದ ಊಟದ ಸಾಲಿನಲ್ಲಿ! ತಾಯಿ ಬೆಳಿಗ್ಗೆ ಆರಕ್ಕೇ ಕೂಲಿಗೆ ಹೋಗುತ್ತಿದ್ದರು. ಹುಡುಗ ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಬರುತ್ತಿದ್ದ. ಹಸಿದವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ತಾಯಿ ರಾತ್ರಿಯೇ ಎರಡು ರೊಟ್ಟಿ ತಟ್ಟಿ ಇಡತೊಡಗಿದರು. ನಾವು ಆ ಹುಡುಗನಿಗೆ ತಟ್ಟೆ ಹಂಚುವ ಕೆಲಸ ಕೊಟ್ಟೆವು. ಅವನು ಸಾಲಿನಲ್ಲಿ ನಿಲ್ಲುವುದೇ ತಪ್ಪಿತು. ಜಗಳ ಪೂರ್ತಿ ನಿಂತಿತು ಅಂತ ಹೇಳುವುದಿಲ್ಲ. ಮುಂದಿನ ತಿಂಗಳಲ್ಲಿ ಎರಡು ಸಲ ಆಯಿತು. ಎಂಟು ದಿನಕ್ಕೆ ಐದು ಎಲ್ಲಿ, ತಿಂಗಳಿಗೆ ಎರಡು ಎಲ್ಲಿ!

ಎರಡನೆಯ ಕೆಲಸ, ತಡೆಯುವ ಅಭ್ಯಾಸ. ಸಿಟ್ಟು ಬರುವ ಮೊದಲು ಮೈ ಸುಳಿವು ಕೊಡುತ್ತದೆ. ಕಿವಿ ಬಿಸಿಯಾಗುತ್ತದೆ, ಮುಷ್ಟಿ ಬಿಗಿಯುತ್ತದೆ. ಮಗು ಶಾಂತವಾಗಿರುವಾಗ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, "ನಿನಗೆ ಮೊದಲು ಏನಾಗುತ್ತೆ ಮಗಾ?" ಆ ಸುಳಿವು ಬಂದ ಕೂಡಲೇ ಮಾಡಬೇಕಾದ ಒಂದೇ ಒಂದು ಕೆಲಸ ಕಲಿಸಿ. ಕೈ ಹಿಂದಕ್ಕೆ ಕಟ್ಟಿ ಹತ್ತು ಎಣಿಸುವುದು. ಇಲ್ಲವೇ ಎರಡು ಹೆಜ್ಜೆ ಹಿಂದೆ ಸರಿಯುವುದು. ಇದನ್ನು ದಿನಾ ಆಟದ ಹಾಗೆ ಆಡಿಸಿ. ನೀವು ಅಣಕಿಸಿದಂತೆ ಮಾಡಿ, ಅವನು ಹಿಂದೆ ಸರಿಯಲಿ. ಈಜು ಕಲಿಯುವುದು ಪ್ರವಾಹದಲ್ಲಲ್ಲ, ನಿಂತ ನೀರಿನಲ್ಲಿ. ಸಿಟ್ಟು ನೆತ್ತಿಗೇರಿದಾಗ ಉಪದೇಶ ಮಾಡಬೇಡಿ, ಅದು ಕಿವಿಗೆ ಬೀಳುವುದಿಲ್ಲ.

ಮೂರನೆಯದು, ಒಳ್ಳೆಯದನ್ನು ಕಂಡ ಕೂಡಲೇ ಹೇಳುವುದು. ತಂಗಿ ಪೆನ್ಸಿಲ್ ಮುರಿದಳು, ಇವನು ಹೊಡೆಯಲಿಲ್ಲ. ಆಗಲೇ ಹೇಳಿ, "ಸಿಟ್ಟು ಬಂದರೂ ತಡೆದುಕೊಂಡೆ, ನಾನು ನೋಡಿದೆ." ವಾರದ ಮೇಲೆ ಹೇಳಿದರೆ ಅಷ್ಟು ಉಪಯೋಗವಿಲ್ಲ. ತಪ್ಪು ಮಾಡಿದಾಗಲೂ ಅಷ್ಟೇ. ಶಿಕ್ಷೆ ದೊಡ್ಡದಾಗುವುದು ಬೇಡ, ತಪ್ಪನ್ನು ಸರಿಪಡಿಸುವುದು ಬೇಕು. ಹರಿದ ಪುಸ್ತಕಕ್ಕೆ ಅವನೇ ಅಂಟು ಹಚ್ಚಲಿ. ಚೆಲ್ಲಿದ್ದನ್ನು ಅವನೇ ಒರೆಸಲಿ. "ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?" ಅನ್ನುತ್ತಾರೆ. ಮೂಗು ಬಾರದು, ಆದರೆ ಗೆಳೆಯನ ಹತ್ತಿರ ಹೋಗಿ "ತಪ್ಪಾಯ್ತು" ಅನ್ನಬಹುದು.

ರಾತ್ರಿ ನಿದ್ದೆಯನ್ನೂ ನೋಡಿಕೊಳ್ಳಿ. ಹನ್ನೆರಡರವರೆಗೆ ಮೊಬೈಲ್ ಹಿಡಿದ ಮಗು ಬೆಳಿಗ್ಗೆ ಕಿರಿಕಿರಿಯಲ್ಲೇ ಏಳುತ್ತದೆ. ಈ ವಯಸ್ಸಿಗೆ ಎಂಟು ಗಂಟೆಗೆ ಕಡಿಮೆ ಇಲ್ಲದಷ್ಟು ನಿದ್ದೆ ಬೇಕು.

ಇನ್ನು ಶಾಲೆ. ಕರೆದಾಗ ಮಾತ್ರ ಹೋಗಬೇಡಿ, ಕರೆಯದೆಯೂ ಹೋಗಿ. ತಲೆ ತಗ್ಗಿಸಿ ನಿಲ್ಲಬೇಡಿ. ನಿಮ್ಮ ಮಗುವನ್ನು ನಿಮ್ಮಷ್ಟು ಬಲ್ಲವರು ಯಾರೂ ಇಲ್ಲ. ನಮ್ಮಂಥ ಶಿಕ್ಷಕರ ಹತ್ತಿರ ನಾಲ್ಕು ವಿಷಯ ಕೇಳಿ. ಮಗುವನ್ನು ಮುಂದಿನ ಸಾಲಿನಲ್ಲಿ, ಕಿಟಕಿ ಬಾಗಿಲಿನಿಂದ ದೂರ ಕೂರಿಸಿ ಅನ್ನಿ. ಉದ್ದ ಕೆಲಸವನ್ನು ತುಂಡು ತುಂಡಾಗಿ ಕೊಡಿ ಅನ್ನಿ. ನಡುನಡುವೆ ಎದ್ದು ಓಡಾಡುವ ಕೆಲಸ ಕೊಡಿ ಅನ್ನಿ, ಬೋರ್ಡ್ ಒರೆಸುವುದೋ, ನೀರು ತರುವುದೋ. ಸಿಟ್ಟು ಬಂದಾಗ ಅವನು ಒಂದು ಸನ್ನೆ ಮಾಡಿ ಎರಡು ನಿಮಿಷ ಹೊರಗೆ ನಿಂತು ಬರಲು ಒಪ್ಪಿಗೆ ಕೊಡಿ ಅನ್ನಿ. ಇದಕ್ಕೆಲ್ಲ ಶಾಲೆಗೆ ದುಡ್ಡು ಖರ್ಚಿಲ್ಲ.

ಒಂದು ಚಿಕ್ಕ ಪುಸ್ತಕವೂ ಬೇಕು. "ಇವತ್ತು ಕೈ ತಡೆದುಕೊಂಡ" ಅಂದರೆ ಶಿಕ್ಷಕರು ಒಂದು ಗುರುತು ಹಾಕಲಿ. ಸಂಜೆ ನೀವು ಓದಿ ಸಹಿ ಮಾಡಿ. ಹೆಬ್ಬೆಟ್ಟು ಒತ್ತುತ್ತಿದ್ದ ಅಮ್ಮ ತನ್ನ ಪುಸ್ತಕ ಓದುತ್ತಾಳೆ ಅಂದರೆ ಮಗನಿಗೂ ಗೌರವ.

ಸಹಿಯ ಮಾತು ಬಂತು, ಒಂದು ಎಚ್ಚರಿಕೆ. "ಇವನ ಕಾಟ ಸಾಕು, ಟಿ.ಸಿ. ತೆಗೆದುಕೊಂಡು ಹೋಗಿ" ಅಂತ ಕೆಲವೆಡೆ ಹೇಳುತ್ತಾರೆ. ಕಾಗದ ಮುಂದಿಡುತ್ತಾರೆ. ಓದದೆ ಸಹಿ ಹಾಕಬೇಡಿ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಇದೂ ಅದೇ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಸರ್ಕಾರಿ ಶಾಲೆಯಲ್ಲಿ ಎಸ್.ಡಿ.ಎಂ.ಸಿ. ಇರುತ್ತದೆ. ಕಾಯ್ದೆಯ ಪ್ರಕಾರ ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಅಲ್ಲಿ ಹೋಗಿ ಮಾತಾಡಿ. ಟಿ.ಸಿ. ಪಡೆದ ಹುಡುಗ ಗ್ಯಾರೇಜಿಗೋ ಇಟ್ಟಿಗೆ ಗೂಡಿಗೋ ಸೇರುತ್ತಾನೆ. ಅವನ ದುಡುಕೂ ಅಲ್ಲಿಗೇ ಹೋಗುತ್ತದೆ. ಅಲ್ಲಿ ಸನ್ನೆ ನೋಡುವ ಮೇಷ್ಟ್ರು ಇರುವುದಿಲ್ಲ.

ಹೆಣ್ಣುಮಕ್ಕಳನ್ನು ಮರೆಯಬೇಡಿ. ದುಡುಕುವ ಹುಡುಗನಿಗೆ "ತುಂಟ" ಅನ್ನುತ್ತೇವೆ. ಅದೇ ಗುಣದ ಹುಡುಗಿಗೆ "ಬಾಯಿಬಡಕಿ, ಗಂಡುಬೀರಿ" ಅನ್ನುತ್ತೇವೆ. ಶಾಲೆ ಬಿಡಿಸಿ ಮದುವೆ ಮಾಡಿದರೆ ಸರಿಹೋಗುತ್ತಾಳೆ ಅನ್ನುವವರೂ ಇದ್ದಾರೆ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ. ಮದುವೆ ಔಷಧಿಯಲ್ಲ. ಅವಳಿಗೂ ಬೇಕಾದ್ದು ಇದೇ ಲೆಕ್ಕ, ಇದೇ ಅಭ್ಯಾಸ, ಇದೇ ಹೊಗಳಿಕೆ.

ವೈದ್ಯರಿಗೆ ಯಾವಾಗ ತೋರಿಸಬೇಕು? ಹನ್ನೆರಡು ವರ್ಷಕ್ಕೆ ಮೊದಲಿನಿಂದಲೂ ಹೀಗೇ ಇದ್ದರೆ, ಮನೆಯಲ್ಲೂ ಶಾಲೆಯಲ್ಲೂ ಹೀಗೇ ಇದ್ದರೆ, ಆರು ತಿಂಗಳಾದರೂ ಕಡಿಮೆ ಆಗದಿದ್ದರೆ ತೋರಿಸಿ. ಅದು ಎ.ಡಿ.ಎಚ್.ಡಿ. ಎಂಬ ತೊಂದರೆ ಇರಬಹುದು. ಅದಕ್ಕೆ ತರಬೇತಿ ಇದೆ, ಬೇಕಾದರೆ ಔಷಧಿ ಇದೆ. ವೈದ್ಯರು ಹೇಳದೆ ಔಷಧಿ ಕೊಡಬೇಡಿ, ಹೇಳದೆ ನಿಲ್ಲಿಸಲೂ ಬೇಡಿ. ಕಣ್ಣು, ಕಿವಿ, ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿ. ಇದ್ದಕ್ಕಿದ್ದಂತೆ ಮಗು ಬದಲಾಗಿದ್ದರೆ ಬೇರೆ ಕಾರಣ ಹುಡುಕಿ. ಯಾರಾದರೂ ಅವನನ್ನು ಪೀಡಿಸುತ್ತಿದ್ದಾರಾ? ಮನೆಯಲ್ಲಿ ಕುಡಿತ, ಹೊಡೆತ ಇದೆಯಾ? ಮಗು ತನ್ನನ್ನೇ ನೋಯಿಸಿಕೊಳ್ಳುವ, ಸಾಯುವ ಮಾತಾಡಿದರೆ ಅದೇ ದಿನ ಕರೆದುಕೊಂಡು ಹೋಗಿ.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. 2022ರಲ್ಲಿ ಟೆಲಿ ಮಾನಸ್ ಎಂಬ ಫೋನ್ ಸೇವೆ ಶುರುವಾಯಿತು. ಅದರ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಕ್ಕಳಿಗೆ ಯಾರಿಂದಲಾದರೂ ಹಿಂಸೆ ಆಗುತ್ತಿದ್ದರೆ 1098ಕ್ಕೆ ಫೋನ್ ಮಾಡಿ. ಈ ಎರಡು ಸಂಖ್ಯೆಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ಕೊನೆಯದಾಗಿ ಒಂದು ಮಾತು. ನೀವೂ ಅಕ್ಷರ ಕಲಿತಿದ್ದೀರಿ. ಮೊದಲ ದಿನ "ಅ" ಸೊಟ್ಟಗೆ ಬಂತು. ಒರೆಸಿದಿರಿ, ಮತ್ತೆ ಬರೆದಿರಿ. ಯಾರೂ ಹೊಡೆಯಲಿಲ್ಲ, ಕಲಿತಿರಿ. ತಡೆದುಕೊಳ್ಳುವುದೂ ಒಂದು ಅಕ್ಷರ. ಕೆಲವು ಮಕ್ಕಳಿಗೆ ಅದು ಬೇಗ ಬರುವುದಿಲ್ಲ. ಮತ್ತೆ ಮತ್ತೆ ತಿದ್ದಿಸೋಣ.

ಓದಿದಿರಲ್ಲ, ಈಗ ಕೂಡಿ ಮಾತಾಡಿ:
1. ನಿಮ್ಮ ಮಗುವಿಗೆ ಯಾವ ಹೊತ್ತಿನಲ್ಲಿ ಹೆಚ್ಚು ಸಿಟ್ಟು ಬರುತ್ತದೆ? ಯಾಕೆ ಇರಬಹುದು?
2. ಈ ವಾರ ನಿಮ್ಮ ಮಗು ತಡೆದುಕೊಂಡ ಒಂದು ಸಂಗತಿಯನ್ನು ಎರಡು ಸಾಲಿನಲ್ಲಿ ಬರೆಯಿರಿ.
3. ನಿಮ್ಮ ಊರಿನ ಎಸ್.ಡಿ.ಎಂ.ಸಿ.ಯಲ್ಲಿ ಎಷ್ಟು ಹೆಂಗಸರು ಇದ್ದಾರೆ? ಕೇಳಿಕೊಂಡು ಬನ್ನಿ.